ಒಂದೇ ಕೈ ಬರೆದ ಎರಡು ಹಸ್ತಪ್ರತಿ, ಎರಡು ಬಗೆಯ ಚಾಸರ್

ಪುಟಗಾರ

ಗೆಳೆಯರೇ, ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಪುಸ್ತಕಗಳಿಗೆ ಪುಟ ಕಟ್ಟುವ ಕೆಲಸ ನನ್ನದು. ಹೋದ ತಿಂಗಳು ಒಂದು ಕಥಾಸಂಕಲನ ಅಚ್ಚಿಗೆ ಹೋಗುವ ಮುನ್ನ, ಹಾಳೆ ಉಳಿಸಲೆಂದು ಕಥೆಗಳ ನಡುವಿನ ಖಾಲಿ ಜಾಗವನ್ನೆಲ್ಲ ತೆಗೆಸಿದರು. ಅದರಲ್ಲಿ ತಾಯಿಯೊಬ್ಬಳು ಉತ್ತರ ಕೊಡದೆ ಒಳಗೆ ಹೋಗುವುದರೊಂದಿಗೆ ಮುಗಿಯುವ ಕಥೆಯೊಂದಿತ್ತು. ಅದರ ಕೆಳಗೆ ನಾಲ್ಕೇ ಸಾಲಿನ ಅಂತರ, ಆಮೇಲೆ ಮುಂದಿನ ಕಥೆಯ ದಪ್ಪಕ್ಷರದ ಶೀರ್ಷಿಕೆ. ಪುಸ್ತಕ ಕೈಗೆ ಬಂದ ದಿನ ಲೇಖಕಿ ಫೋನ್ ಮಾಡಿ, "ನನ್ನ ಕಥೆಯ ಕೊನೆ ಬೇರೆಯಾಗಿಬಿಟ್ಟಿದೆ" ಎಂದರು. ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಅವರ ಮಾತು ನಿಜ. ಆ ತಾಯಿಯ ಮೌನಕ್ಕೆ ಬೇಕಿದ್ದ ಜಾಗವನ್ನು ನಾನು ಕಿತ್ತುಕೊಂಡಿದ್ದೆ.

ಅಂದಿನಿಂದ ರಾತ್ರಿ ಹೊತ್ತು ಎರಡು ಹಳೆಯ ಹಸ್ತಪ್ರತಿಗಳ ಡಿಜಿಟಲ್ ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದೇನೆ. ಎರಡೂ ಇಂಗ್ಲಿಷ್ ಕವಿ ಜೆಫ್ರಿ ಚಾಸರನ ಕ್ಯಾಂಟರ್‌ಬರಿ ಕಥೆಗಳವು, ಅಂದರೆ ಯಾತ್ರೆ ಹೊರಟ ಗುಂಪೊಂದರ ಜನ ದಾರಿಯಲ್ಲಿ ಒಬ್ಬೊಬ್ಬರಾಗಿ ಹೇಳುವ ಕಥೆಗಳವು. ಒಂದು ಎಲ್ಸ್‌ಮಿಯರ್ ಪ್ರತಿ, ಕ್ಯಾಲಿಫೋರ್ನಿಯಾದ ಸ್ಯಾನ್ ಮರೀನೋದಲ್ಲಿರುವ ಹಂಟಿಂಗ್ಟನ್ ಗ್ರಂಥಾಲಯದ್ದು. ಇನ್ನೊಂದು ಹೆಂಗ್ವರ್ಟ್ ಪ್ರತಿ, ವೇಲ್ಸ್‌ನ ಅಬರಿಸ್ಟ್ವಿತ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯದ್ದು. ಚಾಸರ್ ತೀರಿಕೊಂಡದ್ದು 1400ರಲ್ಲಿ. ಇವೆರಡೂ ಹುಟ್ಟಿದ್ದು ಅದರ ಆಸುಪಾಸಿನ ವರ್ಷಗಳಲ್ಲೇ. ಎರಡನ್ನೂ ಬರೆದದ್ದು ಒಬ್ಬನೇ ಲಿಪಿಕಾರ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಕಥೆಗಳು ಅವೇ, ಕೈಯೂ ಅದೇ, ಆದರೆ ಓದುವಾಗ ಸಿಗುವ ಚಾಸರ್ ಬೇರೆ ಬೇರೆ.

ಹೆಂಗ್ವರ್ಟ್ ಚಿಕ್ಕದು, ಸಾದಾ. ಅದರ ಮೂಲೆಗಳನ್ನು ಇಲಿ ತಿಂದಿದೆ, ಕೊನೆಯ ಭಾಗ ಕಳೆದುಹೋಗಿದೆ, ಚಿತ್ರಗಳಿಲ್ಲ. ಎಲ್ಸ್‌ಮಿಯರ್‌ನ ಪುಟ ಸುಮಾರು 40 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲ. ಕರುವಿನ ಚರ್ಮದ 232 ಹಾಳೆಗಳಲ್ಲಿ ಕಥೆಗಳು ಹರಡಿಕೊಂಡಿವೆ. ಅಂಚಿನಲ್ಲಿ ಬಂಗಾರದ ರೇಕು, ನೀಲಿ ಮತ್ತು ಕೆಂಪು ಬಳ್ಳಿ. ಜೊತೆಗೆ ಕುದುರೆಯೇರಿದ 23 ಯಾತ್ರಿಕರ ಚಿತ್ರಗಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚಿತ್ರಗಳು ಇರುವ ಜಾಗ. ಯಾತ್ರಿಕರ ರೂಪ, ಉಡುಗೆ, ಕುದುರೆ ಎಲ್ಲವನ್ನೂ ಚಾಸರ್ ವರ್ಣಿಸುವುದು ಆರಂಭದ ಪೀಠಿಕೆಯಲ್ಲಿ. ಚಿತ್ರಗಳು ಅಲ್ಲಿಗೆ ಸೇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಎಲ್ಸ್‌ಮಿಯರ್‌ನಲ್ಲಿ ಪೀಠಿಕೆಯ ಪಕ್ಕ ಒಂದು ಚಿತ್ರವೂ ಇಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕಥೆ ಶುರುವಾಗುವ ಪುಟದ ಅಂಚಿನಲ್ಲಿದ್ದಾರೆ. ಗಿರಣಿಯವನು ಚೀಲವಾದ್ಯ ಊದುತ್ತ ಅವನ ಕಥೆಯ ಪಕ್ಕದಲ್ಲಿ, ಅಡುಗೆಯವನು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಕೊಂಡು ಅವನ ಕಥೆಯ ಪಕ್ಕದಲ್ಲಿ. ಹೀಗಾದಾಗ ಓದುಗ "ಚಾಸರ್ ಹೇಳಿದ ಕಥೆ" ಓದುವುದಿಲ್ಲ, "ಈ ಮನುಷ್ಯ ಹೇಳಿದ ಕಥೆ" ಓದುತ್ತಾನೆ. ಪ್ರತಿ ಮಾತನ್ನೂ ಆ ಮುಖಕ್ಕೆ ಹಚ್ಚಿ ತೂಗುತ್ತಾನೆ. ಕಥೆಗಿಂತ ಕಥೆ ಹೇಳುವವನೇ ಮುಖ್ಯ ಎಂಬ ಓದನ್ನು ಇಲ್ಲಿ ಪುಟವೇ ಕಟ್ಟಿಕೊಡುತ್ತಿದೆ. ಹೆಂಗ್ವರ್ಟ್ ಓದುವವನಿಗೆ ಆ ಒತ್ತಾಯವಿಲ್ಲ.

ಇದನ್ನು ಸಾಹಿತ್ಯ ಓದಿದವರು ಹೇಗೆ ನೋಡುತ್ತೀರಿ?

ತುಂಗಾತೀರ

ಪುಟಗಾರರೇ, ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಆ ಯಾತ್ರಿಕರಲ್ಲಿ ಒಬ್ಬಳಾದ ಬಾತ್ ಊರಿನ ಹೆಂಗಸಿನ ಭಾಗವನ್ನು ಎಷ್ಟು ಬಾರಿ ಕಲಿಸಿದ್ದೇನೋ ಲೆಕ್ಕವಿಲ್ಲ. ಆದರೆ ಬಿಳಿ ಅಂಚಿನ ಪಠ್ಯಪುಸ್ತಕದಿಂದ ಕಲಿಸಿದೆ. ನಿವೃತ್ತಿಯಾದ ಮೇಲೆ ಎಲ್ಸ್‌ಮಿಯರ್‌ನ ಆ ಪುಟಗಳನ್ನು ನೋಡಿ, ಅರ್ಧ ಪಾಠ ಮಾಡಿದ್ದೆನಲ್ಲ ಎಂದು ಸಂಕಟವಾಯಿತು.

ಆ ಹೆಂಗಸು ಐದು ಗಂಡಂದಿರನ್ನು ಕಂಡವಳು. ಮದುವೆಯ ಬಗ್ಗೆ, ಹೆಣ್ಣಿನ ಬಗ್ಗೆ ಪಾದ್ರಿಗಳು ಬರೆದದ್ದನ್ನೆಲ್ಲ ಹಿಡಿದು ಹಿಂಜುತ್ತಾಳೆ. ಅವಳ ಮುಖ್ಯ ಎದುರಾಳಿ ಸಂತ ಜೆರೋಮ್. ಜೊವಿನಿಯನ್ ಎಂಬವನನ್ನು ಖಂಡಿಸಿ ಆತ ಬರೆದ ಗ್ರಂಥದ ಮಾತುಗಳನ್ನೇ ಎತ್ತಿಕೊಂಡು ತಿರುಗಿಸಿ ಹೊಡೆಯುತ್ತಾಳೆ. ಎಲ್ಸ್‌ಮಿಯರ್‌ನಲ್ಲಿ ಅವಳ ಮಾತಿನ ಪಕ್ಕದಲ್ಲೇ ಆ ಲ್ಯಾಟಿನ್ ಮೂಲವಾಕ್ಯಗಳು ಬರೆದಿವೆ. ಅದೂ ಸಣ್ಣಕ್ಷರದ ಟಿಪ್ಪಣಿಯಂತೆ ಅಲ್ಲ. ಕಾವ್ಯದಷ್ಟೇ ದೊಡ್ಡ ಅಕ್ಷರ, ಮುಂದೆ ಬಣ್ಣದ ಗುರುತು. ಟಿಪ್ಪಣಿಗೆ ಜಾಗವಾಗಲೆಂದೇ ಕಾವ್ಯದ ಸಾಲುಗಳನ್ನು ಪುಟದ ಒಂದು ಬದಿಗೆ ಸರಿಸಿ ಗೆರೆ ಹಾಕಿದ್ದಾರೆ. ಅಂದರೆ ಬರೆಯಲು ಕೂರುವ ಮೊದಲೇ ಯೋಚಿಸಿದ ವಿನ್ಯಾಸ.

ಈಗ ಆ ಪುಟವನ್ನು ಕಲ್ಪಿಸಿಕೊಳ್ಳಿ. ಒಂದು ಕಡೆ ಇಂಗ್ಲಿಷಿನಲ್ಲಿ ಅವಳು ವಾದಿಸುತ್ತಿದ್ದಾಳೆ, ಇನ್ನೊಂದು ಕಡೆ ಲ್ಯಾಟಿನ್ ನಿಂತಿದೆ. ಲ್ಯಾಟಿನ್ ಬಲ್ಲ ಓದುಗನಿಗೆ ಎರಡು ದಾರಿ. "ನೋಡು, ಮೂಲದಲ್ಲಿ ಹೀಗಿದೆ, ಇವಳು ತಿರುಚುತ್ತಿದ್ದಾಳೆ" ಎಂದು ಅವಳನ್ನು ಹಿಡಿಯಬಹುದು. ಇಲ್ಲವೇ, "ಅಬ್ಬಾ, ಇಷ್ಟೆಲ್ಲ ಗ್ರಂಥಗಳನ್ನು ಕಿವಿಯಿಂದಲೇ ಕಲಿತು ಎದುರು ನಿಂತಿದ್ದಾಳಲ್ಲ" ಎಂದು ತಲೆದೂಗಬಹುದು. ಚಾಸರನ ಸಾಲುಗಳು ಯಾವ ಪಕ್ಷವನ್ನೂ ಗೆಲ್ಲಿಸುವುದಿಲ್ಲ. ಆ ಜಗಳವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಅಂಚು.

ಅವಳ ಚಿತ್ರವನ್ನೂ ಹತ್ತಿರದಿಂದ ನೋಡಿ. ಕುದುರೆಯ ಮೇಲೆ ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕುಳಿತಿದ್ದಾಳೆ. ಅಗಲವಾದ ಟೋಪಿ, ಸೊಂಟದಿಂದ ಕೆಳಕ್ಕೆ ನೀಲಿ ಹೊದಿಕೆ, ಕೈಯಲ್ಲಿ ಚಾಟಿ. ಟೋಪಿ ಮತ್ತು ಹೊದಿಕೆ ಪೀಠಿಕೆಯ ವರ್ಣನೆಯಲ್ಲಿವೆ. ಚಾಟಿ ಅಲ್ಲಿಲ್ಲ! ಅದು ಬಂದದ್ದು ಅವಳ ಬಾಯಿಂದ. ಮದುವೆಯ ಸಂಕಟವನ್ನು ಹೇಳುತ್ತ, ಆ ಚಾಟಿ ನಾನೇ ಆಗಿದ್ದೆ ಎನ್ನುತ್ತಾಳೆ. ಚಿತ್ರಕಾರನೋ ಅವನಿಗೆ ಹೇಳಿಕೊಟ್ಟವನೋ ಆ ಸಾಲನ್ನು ಓದಿದ್ದಾನೆ ಎಂದೇ ನನ್ನ ನಂಬಿಕೆ. ಮಾತಿನ ರೂಪಕ ಕೈಯಲ್ಲಿನ ವಸ್ತುವಾಗಿ ಕೂತಿದೆ.

ಹಳೇಸೇತುವೆ

ನಾನು ಒಪ್ಪುವುದು ಕಷ್ಟ. ದಯವಿಟ್ಟು ತಪ್ಪು ತಿಳಿಯಬೇಡಿ, ಈ ವಿಷಯದ ಮೇಲೆ ನನಗೂ ಪ್ರೀತಿಯಿದೆ. ಬಂಗಾರದ ರೇಕು ಹಚ್ಚಿಸುವುದು ಹಣವಂತರ ಗತ್ತು. ಆ ಕಾಲದ ಲಂಡನ್ನಿನಲ್ಲಿ ಬರೆಯುವವರು ಬೇರೆ, ಬಣ್ಣ ಹಚ್ಚುವವರು ಬೇರೆ, ಹೊಲಿದು ಕಟ್ಟುವವರು ಬೇರೆ. ಎಲ್ಸ್‌ಮಿಯರ್‌ನ ಯಾತ್ರಿಕರ ಚಿತ್ರಗಳಲ್ಲೇ ಒಂದಕ್ಕಿಂತ ಹೆಚ್ಚು ಚಿತ್ರಕಾರರ ಕೈ ಕಾಣುತ್ತದೆ. ದಿನಗೂಲಿಯ ಕುಶಲಕರ್ಮಿಗಳು ಮಾಡಿದ ಅಂದಚಂದಕ್ಕೆ ನಾವು ಆರು ನೂರು ವರ್ಷಗಳ ಮೇಲೆ ಕೂತು ಅರ್ಥ ಹೊಲಿಯುತ್ತಿದ್ದೇವೆಯೇ?

ಇನ್ನೂ ಮುಖ್ಯವಾದದ್ದು, ಚಾಸರ್ ಇದನ್ನು ನೋಡಲೇ ಇಲ್ಲ. ಲಿಪಿಕಾರರ ಮೇಲೆ ಅವನಿಗೆ ನಂಬಿಕೆಯೂ ಇರಲಿಲ್ಲ. ಆಡಂ ಎಂಬ ಲಿಪಿಕಾರನ ತಲೆಗೆ ಕಜ್ಜಿ ಹತ್ತಲಿ ಎಂದು ಶಪಿಸುವ ಪುಟ್ಟ ಪದ್ಯವೊಂದು ಅವನ ಹೆಸರಿನಲ್ಲಿದೆ. 2004ರಲ್ಲಿ ಲಿನ್ ಮೂನಿ ಎಂಬ ವಿದುಷಿ ಈ ಎರಡೂ ಪ್ರತಿಗಳನ್ನು ಬರೆದವನು ಆಡಂ ಪಿಂಕ್‌ಹರ್ಸ್ಟ್ ಎಂದು ಗುರುತಿಸಿದರು. ಎಲ್ಲರೂ ಒಪ್ಪಿಲ್ಲ, ಆ ಚರ್ಚೆ ಇರಲಿ. ಕವಿ ಸತ್ತ ಮೇಲೆ ಬೇರೆಯವರು ಕೂಡಿಸಿದ್ದು ಕಥೆಯ ಅರ್ಥ ಹೇಗಾಗುತ್ತದೆ?

ಪುಟಗಾರ

ಹಳೇಸೇತುವೆಯವರೇ, ಪ್ರಶ್ನೆ ಸರಿಯಾಗಿದೆ. ನಾನೂ ದಿನಗೂಲಿಯ ಕುಶಲಕರ್ಮಿಯೇ, ಆದ್ದರಿಂದ ಅಲ್ಲಿಂದಲೇ ಉತ್ತರಿಸುತ್ತೇನೆ. ಕೂಲಿಗೆ ಮಾಡಿದ ಕೆಲಸ ಯೋಚನೆಯಿಲ್ಲದ ಕೆಲಸವಾಗಿರಬೇಕಿಲ್ಲ. ಒಂದು ಉಪಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ಉಳಿದರೆ ನನಗೆ ನಿದ್ದೆ ಬರುವುದಿಲ್ಲ. ಅದನ್ನು ನೋಡಿಕೊಳ್ಳಲು ಯಾರೂ ನನಗೆ ಹೆಚ್ಚುವರಿ ಕಾಸು ಕೊಡುವುದಿಲ್ಲ.

ಇದು ಚಾಸರನ ಅಭಿಪ್ರಾಯ ಎಂದು ನಾನು ಹೇಳುತ್ತಿಲ್ಲ. ಚಾಸರನನ್ನು ಮೊದಲು ಓದಿದವರ ಅಭಿಪ್ರಾಯ, ಅದನ್ನು ಅವರು ಮುಂದಿನವರೆಲ್ಲರ ಕಣ್ಣಿಗೆ ಹಚ್ಚಿದರು. ಕಥೆಗಳ ಕ್ರಮವನ್ನೇ ನೋಡಿ. ಎಲ್ಸ್‌ಮಿಯರ್‌ನಲ್ಲಿ ವಿದ್ಯಾರ್ಥಿಯ ಕಥೆ ಮುಗಿದ ಕೂಡಲೇ ವರ್ತಕನ ಸರದಿ. ವಿದ್ಯಾರ್ಥಿ ಹೇಳಿದ್ದು ಸಹನೆಯ ಮೂರ್ತಿ ಗ್ರಿಸೆಲ್ಡಾಳ ಕಥೆ. ಅದರ ಕೊನೆಯ ಹಾಡು ಗಂಡಂದಿರು ಅಳಲಿ, ಗೋಳಾಡಲಿ ಎಂಬಲ್ಲಿ ನಿಲ್ಲುತ್ತದೆ. ವರ್ತಕ ಬಾಯಿ ತೆರೆಯುವುದೇ ಅಳು ಗೋಳು ಎಂಬ ಮಾತಿನಿಂದ: ಅದೆಲ್ಲ ನನಗೆ ಚೆನ್ನಾಗಿ ಗೊತ್ತು, ನಾನೂ ಮದುವೆಯಾದವನು! ಒಬ್ಬನ ಕೊನೆಯ ಪದವನ್ನು ಇನ್ನೊಬ್ಬ ಬಾಯಿಂದ ಕಸಿದುಕೊಂಡ ಹಾಗೆ. ಹೆಂಗ್ವರ್ಟ್‌ನಲ್ಲಿ ವರ್ತಕನ ಕಥೆ ಮೊದಲೇ ಬಂದುಹೋಗಿರುತ್ತದೆ, ವಿದ್ಯಾರ್ಥಿಯದು ಆಮೇಲೆ. ಆ ಎದುರುಮಾತು ಅಲ್ಲಿ ಕೇಳಿಸುವುದೇ ಇಲ್ಲ. ಇಂದು ಜಗತ್ತಿನ ತರಗತಿಗಳಲ್ಲಿ ಓದುವುದು ಬಹುತೇಕ ಎಲ್ಸ್‌ಮಿಯರ್ ಕ್ರಮವನ್ನೇ. ನಾವು ಚಾಸರನದೆಂದುಕೊಂಡು ಮೆಚ್ಚುವ ಜಾಣತನದಲ್ಲಿ ಪುಟ ಜೋಡಿಸಿದವರ ಪಾಲೂ ಇದೆ.

ಇನ್ನೊಂದು ಪುಟದ ಬಗ್ಗೆ ಹೇಳಲೇಬೇಕು, ನನ್ನ ವೃತ್ತಿಗೆ ಅದು ತೀರ ಹತ್ತಿರ. ಯಾತ್ರೆಯಲ್ಲಿ ಚಾಸರನೂ ಒಬ್ಬ ಪಾತ್ರ. ಅವನ ಸರದಿ ಬಂದಾಗ ಸರ್ ಥೋಪಾಸ್ ಎಂಬ ವೀರನ ಕಥೆಯನ್ನು ಅಗ್ಗದ ಲಾವಣಿಯ ಧಾಟಿಯಲ್ಲಿ ಶುರುಮಾಡುತ್ತಾನೆ. ಎರಡು ಸಾಲು ಪ್ರಾಸ ಕೂಡಿ, ಮೂರನೆಯದು ಗಿಡ್ಡ ಬಾಲದಂತೆ ತೂಗುವ ಪದ್ಯ. ಎಲ್ಸ್‌ಮಿಯರ್ ಮತ್ತು ಹೆಂಗ್ವರ್ಟ್ ಎರಡರಲ್ಲೂ ಈ ಪದ್ಯಗಳನ್ನು ಒಂದರ ಕೆಳಗೊಂದು ಬರೆದಿಲ್ಲ. ಜೋಡಿ ಸಾಲುಗಳು ಎಡಕ್ಕೆ. ಅವುಗಳಿಂದ ಕಂಸದಂತೆ ಗೆರೆ ಎಳೆದು ಬಾಲದ ಸಾಲನ್ನು ಬಲಕ್ಕೆ ಇಟ್ಟಿದ್ದಾರೆ. ಕೆಲವು ಪದ್ಯಗಳಲ್ಲಿ ಎರಡೇ ಪದದ ತುಣುಕು ಸಾಲೊಂದು ಬರುತ್ತದೆ. ಅದು ಇನ್ನೂ ಬಲಕ್ಕೆ, ಅಂಚಿನ ಕಡೆಗೆ ಸರಿದಿರುತ್ತದೆ. ಕಥೆಯೂ ಕುಗ್ಗುತ್ತ ಹೋಗುತ್ತದೆ: ಮೊದಲ ಭಾಗ 18 ಪದ್ಯ, ಎರಡನೆಯದು 9, ಮೂರನೆಯದು ನಾಲ್ಕೂವರೆ. ಆ ಅರ್ಧದಲ್ಲಿ, ಯಾತ್ರಿಕರ ಜೊತೆಗೇ ಹೊರಟಿದ್ದ ಛತ್ರದ ಯಜಮಾನ "ಸಾಕು ನಿಲ್ಲಿಸು" ಎಂದು ತಡೆಯುತ್ತಾನೆ. ಪುಟವನ್ನು ದೂರದಿಂದ ನೋಡಿದರೆ ಪದ್ಯ ಚೂರುಚೂರಾಗಿ ಅಂಚಿಗೆ ಉದುರುತ್ತಿರುವಂತಿದೆ. ಅಚ್ಚಾದ ಪುಸ್ತಕದಲ್ಲಿ ಇದೇ ಪದ್ಯ ಶಿಸ್ತಾಗಿ ಒಂದೇ ಕಂಬದಂತೆ ನಿಂತಿರುತ್ತದೆ. ಕಥೆಯ ನಗುವಿನಲ್ಲಿ ಅರ್ಧ ಅಲ್ಲೇ ಹೋಯಿತು.

ತಡೆದ ಮೇಲೆ ಚಾಸರ್ ಗದ್ಯದಲ್ಲಿ ಮೆಲಿಬಿಯ ಎಂಬ ನೀತಿಕಥೆ ಹೇಳುತ್ತಾನೆ. ಅವನ ಚಿತ್ರವನ್ನು ಎಲ್ಸ್‌ಮಿಯರ್‌ನವರು ಇಟ್ಟದ್ದು ಅದರ ಪಕ್ಕ, ಥೋಪಾಸ್ ಪಕ್ಕದಲ್ಲಲ್ಲ. ಸೊಂಟದ ಮೇಲಿನ ದೇಹ ಕುದುರೆಗೆ ಹೊಂದದಷ್ಟು ದೊಡ್ಡದು. ಕೊರಳಲ್ಲಿ ಲೇಖನಿಯ ಕೋಶ. ಬೆರಳು ಬರಹದ ಕಡೆಗೆ ತೋರುತ್ತಿದೆ. ಎರಡು ಕಥೆಯೂ ಅವನವೇ. ಯಾವುದರ ಪಕ್ಕ ನಿಲ್ಲಿಸಬೇಕೆಂದು ಯಾರೋ ತೀರ್ಮಾನಿಸಿದರು, ಹಾಸ್ಯದ ಚಾಸರನ ಬದಲು ಗಂಭೀರ ಗುರುವಾದ ಚಾಸರ್ ಉಳಿದ. ಇದು ಅಂದಚಂದದ ಮಾತು ಮಾತ್ರ ಎಂದರೆ ನನಗೆ ಒಪ್ಪಲಾಗುವುದಿಲ್ಲ.

ಗರಿಮರ

ಓಲೆಗರಿ ಪಟ್ಟಿ ಮಾಡುವ ಕೆಲಸದಲ್ಲಿ ಕೆಲ ವರ್ಷ ಇದ್ದೆ. ನಿಮ್ಮ ಥೋಪಾಸ್ ವಿವರಣೆ ಓದಿ ತಕ್ಷಣ ನೆನಪಾದದ್ದು ನಮ್ಮ ಷಟ್ಪದಿ. ಆರು ಸಾಲು, ಮೂರನೆಯದೂ ಆರನೆಯದೂ ಉಳಿದವುಗಳಿಗಿಂತ ಬೇರೆ. ಅವರಲ್ಲಿ ಆ ಸಾಲು ಗಿಡ್ಡ, ನಮ್ಮಲ್ಲಿ ಉದ್ದ. ನೋಡಿದರೆ ಒಂದೇ ಬಗೆಯ ಹೆಜ್ಜೆ.

ಆದರೆ ಗರಿಯ ಮೇಲೆ ಷಟ್ಪದಿ ಹೇಗಿರುತ್ತದೆ ಗೊತ್ತೇ? ಸಾಲೇ ಒಡೆಯುವುದಿಲ್ಲ. ಎರಡು ಬೆರಳಗಲದ ಗರಿ, ದಾರಕ್ಕೆ ತೂತು, ಪದಗಳ ನಡುವೆ ಜಾಗವಿಲ್ಲದೆ ಗರಿಯ ಉದ್ದಕ್ಕೂ ಕಂಟದಿಂದ ಕೊರೆದ ಅಕ್ಷರಗಳು. ಪದ್ಯ ಮುಗಿದಾಗ ಒಂದು ಗುರುತು, ಒಂದು ಅಂಕಿ. ಸಾಲು ಎಲ್ಲಿ ಮುರಿಯಬೇಕೆಂದು ಕಿವಿಗೆ ಹೇಳುವುದು ಎರಡನೆಯ ಅಕ್ಷರದ ಪ್ರಾಸ. ಇಂದು ಅಚ್ಚಿನಲ್ಲಿ ಆರು ಸಾಲಾಗಿ ಒಡೆದು ನಿಲ್ಲಿಸಿದ ಷಟ್ಪದಿಯನ್ನು ನಾವು ಸಹಜವೆಂದುಕೊಂಡಿದ್ದೇವೆ.

ಹಾಗಾದರೆ ನಮ್ಮ ಗರಿಯಲ್ಲಿ ಅಲಂಕೃತ ಮೊದಲಕ್ಷರದ ಕೆಲಸ ಮಾಡಿದ್ದು ಯಾವುದು? ಕುಮಾರವ್ಯಾಸನ ಪ್ರತಿ ಸಂಧಿಯ ಮೊದಲಿಗೆ ಬರುವ ಸೂಚನೆಯ ಪದ್ಯ ಎಂದು ನನಗೆ ಅನ್ನಿಸುತ್ತದೆ. ಮುಂದೆ ಏನಾಗಲಿದೆ ಎಂದು ಮೊದಲೇ ಹೇಳಿ, ಕೇಳುಗನ ಗಮನವನ್ನು "ಏನಾಯಿತು" ಎಂಬುದರಿಂದ "ಹೇಗಾಯಿತು" ಎಂಬುದಕ್ಕೆ ತಿರುಗಿಸುತ್ತದೆ. ಬಣ್ಣವಿಲ್ಲದ ಗರಿಯಲ್ಲಿ ಅದೇ ಬಣ್ಣ, ಉಳಿದದ್ದು ಗಮಕಿಯ ಕಂಠಕ್ಕೆ ಬಿಟ್ಟದ್ದು. ಚಿತ್ರವಿರುವ ಗರಿಗಳೂ ನಮ್ಮಲ್ಲಿವೆ. ಮೂಡುಬಿದಿರೆಯ ಧವಲಾ ಗ್ರಂಥದ ಹೊಯ್ಸಳ ಕಾಲದ ಗರಿಗಳು ಪ್ರಸಿದ್ಧ. ಆದರೆ ಅವು ಸಿದ್ಧಾಂತ ಗ್ರಂಥಗಳು, ಕಥೆಯಲ್ಲ, ಆದ್ದರಿಂದ ಅತ್ತ ಹೋಗುವುದಿಲ್ಲ.

ಸಾಲುದೀಪ

ಮೊದಲಕ್ಷರದ ಮಾತು ಬಂತಲ್ಲ, ಚಾಸರನ ಕಾಲದ್ದೇ ಇನ್ನೊಂದು ಪುಸ್ತಕದ ಬಗ್ಗೆ ಹೇಳುತ್ತೇನೆ. ಸರ್ ಗವೇನ್ ಮತ್ತು ಹಸಿರು ವೀರನ ಕಾವ್ಯ. ಜಗತ್ತಿನಲ್ಲಿ ಇದರ ಹಸ್ತಪ್ರತಿ ಒಂದೇ ಒಂದು, ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಪುಸ್ತಕ. 1731ರಲ್ಲಿ ರಾಬರ್ಟ್ ಕಾಟನ್ ಎಂಬವರು ಕೂಡಿಸಿದ್ದ ಹಸ್ತಪ್ರತಿ ಸಂಗ್ರಹಕ್ಕೆ ಬೆಂಕಿ ಬಿದ್ದಾಗ ಅದೂ ಅಲ್ಲಿತ್ತು, ಉಳಿದುಕೊಂಡಿತು. ಬೆಂಕಿ ಒಂದಷ್ಟು ಆಚೆ ಹರಡಿದ್ದರೆ ಈ ಕಾವ್ಯವಿತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

2,530 ಸಾಲುಗಳ ಕಾವ್ಯ. ಇಂದಿನ ಬಹುತೇಕ ಮುದ್ರಣಗಳಲ್ಲಿ ನಾಲ್ಕು ಭಾಗಗಳಿವೆ. ಹಸ್ತಪ್ರತಿಯಲ್ಲಿ ಇರುವುದು ಒಂಬತ್ತು ದೊಡ್ಡ ಮೊದಲಕ್ಷರಗಳು, ನೀಲಿ ಅಕ್ಷರಕ್ಕೆ ಕೆಂಪು ಕುಸುರಿ. ಅವುಗಳಲ್ಲಿ ನಾಲ್ಕು ಉಳಿದವಕ್ಕಿಂತ ದೊಡ್ಡವು. ಸಂಪಾದಕರು ಆ ನಾಲ್ಕನ್ನು ಹಿಡಿದು ಭಾಗ ಮಾಡಿದರು, ಉಳಿದ ಐದು ಮುದ್ರಣದಲ್ಲಿ ಮಂಕಾದವು. ಆ ಐದರಲ್ಲಿ ಒಂದು 619ನೆಯ ಸಾಲಿನಲ್ಲಿದೆ. ಅಲ್ಲಿ ಘಟನೆಯೇನೂ ನಡೆಯುವುದಿಲ್ಲ. ಗವೇನನಿಗೆ ಗುರಾಣಿ ತಂದು ತೋರಿಸುತ್ತಾರೆ, ಅದರ ಮೇಲೆ ಐದು ಮೂಲೆಯ ನಕ್ಷತ್ರ, ಅದು ಅವನ ಸತ್ಯನಿಷ್ಠೆಯ ಗುರುತು. ಮುದ್ರಣದಲ್ಲಿ ಓದಿದಾಗ ನಾನು ಆ ವರ್ಣನೆಯನ್ನು ಬೇಗ ಬೇಗ ದಾಟಿದ್ದೆ. ಹಸ್ತಪ್ರತಿಯ ಓದುಗ ದಾಟುವಂತಿಲ್ಲ, ನೀಲಿ ಅಕ್ಷರ ಅಡ್ಡ ನಿಂತು ತಡೆಯುತ್ತದೆ. ಕೊನೆಯಲ್ಲಿ ಗವೇನ್ ಜೀವಭಯದಿಂದ ಒಂದು ಹಸಿರು ನಡುಪಟ್ಟಿಯನ್ನು ಬಚ್ಚಿಟ್ಟು ಮಾತಿಗೆ ತಪ್ಪುತ್ತಾನೆ. ಗುರಾಣಿಯ ಹತ್ತಿರ ನಿಂತು ನೋಡಿದ್ದವನಿಗೆ ಆ ತಪ್ಪು ಎಷ್ಟು ದೂರದ ಬೀಳು ಎಂದು ತಿಳಿಯುತ್ತದೆ.

ಕಾವ್ಯ ಮುಗಿದ ಮೇಲೆ ಫ್ರೆಂಚಿನಲ್ಲಿ ಒಂದು ಸಾಲು ಬರೆದಿದೆ, ಕೆಟ್ಟದ್ದೆಂದು ಭಾವಿಸುವವನಿಗೆ ನಾಚಿಕೆಯಾಗಲಿ ಎಂಬ ಅರ್ಥದ್ದು. ಅದು ಇಂಗ್ಲೆಂಡಿನ ಅರಸನ ಗಾರ್ಟರ್ ವೀರಪಂಗಡದ ಘೋಷವಾಕ್ಯ. ಆ ಪಂಗಡದವರು ಕಾಲಿಗೆ ಕಟ್ಟುವ ಪಟ್ಟಿ ನೀಲಿ, ಗವೇನನದು ಹಸಿರು, ಬಣ್ಣ ಹೊಂದುವುದಿಲ್ಲ. ಆದರೆ ಆ ಒಂದು ಸಾಲು ಒಬ್ಬ ಮನುಷ್ಯನ ನಾಚಿಕೆಯ ಕಥೆಯನ್ನು ಎತ್ತಿ ಆಸ್ಥಾನದ ಗೌರವದ ಕಥೆಯ ಪಕ್ಕದಲ್ಲಿ ಇಟ್ಟುಬಿಟ್ಟಿದೆ.

ಗುಮ್ಮಟನಾಡು

ವಿಜಯಪುರದವನು. ಮಧ್ಯಯುಗ ದಾಟಿ ಸ್ವಲ್ಪ ಈಚೆಗೆ ಬರುತ್ತಿದ್ದೇನೆ, ಕ್ಷಮೆಯಿರಲಿ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ನಮ್ಮ ಊರಿನಲ್ಲಿ ಪೇಮ್ ನೇಮ್ ಎಂಬ ದಖ್ಖನಿ ಭಾಷೆಯ ಪ್ರೇಮಕಾವ್ಯ ಹುಟ್ಟಿತು. ಬರೆದವನು ಹಸನ್ ಮಂಜು ಖಲ್ಜಿ. ಅದರ ಸಚಿತ್ರ ಹಸ್ತಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ, 34 ಚಿತ್ರಗಳಿವೆ. ರಾಜಕುಮಾರನ ಎದೆಯಲ್ಲಿ ಪ್ರಿಯೆಯ ರೂಪ ಅಚ್ಚೊತ್ತಿದೆ. ಇದು ಯಾವ ಪ್ರೇಮಿಯ ಬಗ್ಗೆಯೂ ಹೇಳುವ ಮಾತು, ಕೇಳಿ ಮುಂದೆ ಹೋಗುತ್ತೇವೆ. ಚಿತ್ರಕಾರ ಮುಂದೆ ಹೋಗಲಿಲ್ಲ. ರಾಜಕುಮಾರನ ಎದೆಯ ಮೇಲೆ ಆ ಹೆಣ್ಣಿನ ಮುಖವನ್ನೇ ಬರೆದುಬಿಟ್ಟ. ಅವನು ಬಟ್ಟೆ ತೊಟ್ಟು ಜನರ ನಡುವೆ ನಿಂತಿದ್ದರೂ ಎದೆಯಲ್ಲಿ ಒಂದು ಮುಖ. ತುಂಗಾತೀರ ಮೇಡಂ ಹೇಳಿದ ಚಾಟಿಯ ಹಾಗೆಯೇ. ಸೂಫಿಗಳ ಒಳಗಣ್ಣಿಗೆ ಮಾತ್ರ ಕಾಣಬೇಕಾದದ್ದು ಇಲ್ಲಿ ನೋಡುವವರೆಲ್ಲರಿಗೂ ಕಾಣುತ್ತದೆ. ನಮ್ಮ ಊರಿನಲ್ಲಿ ಆದ ಈ ಕೆಲಸವನ್ನು ಊರಿನ ಮಕ್ಕಳು ಒಮ್ಮೆಯೂ ಕಣ್ಣಾರೆ ನೋಡಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಹಳೇಸೇತುವೆ

ಥೋಪಾಸ್ ಪುಟವನ್ನು ನಿನ್ನೆ ರಾತ್ರಿ ತೆರೆದು ನೋಡಿದೆ. ಆ ಗೆರೆಗಳನ್ನು ಗತ್ತು ಎಂದು ತಳ್ಳಿಹಾಕಲು ಆಗಲಿಲ್ಲ, ಒಪ್ಪುತ್ತೇನೆ. ಬಂಗಾರದ ಬಳ್ಳಿಗಳ ಬಗ್ಗೆ ನನ್ನ ಅನುಮಾನ ಹಾಗೆಯೇ ಇದೆ. ಎಲ್ಲ ಅಲಂಕಾರಕ್ಕೂ ಅರ್ಥ ಹುಡುಕಬಾರದು.

ಪುಟಗಾರರು ಖಾಲಿ ಜಾಗದಿಂದ ಮಾತು ಶುರುಮಾಡಿದ್ದರಿಂದ ಒಂದು ಸೇರಿಸುತ್ತೇನೆ. ಅಡುಗೆಯವನ ಕಥೆ ಐವತ್ತೆಂಟು ಸಾಲಿಗೇ ನಿಂತುಹೋಗುತ್ತದೆ. ಹೆಂಗ್ವರ್ಟ್‌ನಲ್ಲಿ ಅದರ ಬಳಿ, ಈ ಕಥೆಯನ್ನು ಚಾಸರ್ ಇದಕ್ಕಿಂತ ಮುಂದೆ ಬರೆಯಲಿಲ್ಲ ಎಂದು ಬರೆದಿದ್ದಾರೆ. ಎಲ್ಸ್‌ಮಿಯರ್‌ನಲ್ಲಿ ಆ ಮಾತಿಲ್ಲ, ಖಾಲಿ ಜಾಗವಷ್ಟೇ. ಒಂದರಲ್ಲಿ ಕವಿ ಕೈಬಿಟ್ಟ ಕಥೆ. ಇನ್ನೊಂದರಲ್ಲಿ ಉಳಿದ ಸಾಲುಗಳು ಇನ್ನೇನು ಬರಲಿವೆ ಎಂದು ಕಾಯುತ್ತಿರುವ ಕಥೆ. ಇಲ್ಲಿ ಬಂಗಾರವೂ ಇಲ್ಲ, ಬಣ್ಣವೂ ಇಲ್ಲ, ನಾನು ಸೋತದ್ದು ಈ ಪುಟಕ್ಕೆ.

ತುಂಗಾತೀರ

ಹಳೇಸೇತುವೆಯವರೇ, ಆ ಅಡುಗೆಯವನ ಪುಟ ನನಗೂ ಹೊಳೆದಿರಲಿಲ್ಲ, ತುಂಬಾ ಉಪಕಾರವಾಯಿತು.

ಗರಿಮರ ಅವರ ಮಾತು ಓದಿದ ಮೇಲೆ ಒಂದು ಹುಚ್ಚು ಹತ್ತಿದೆ. ಥೋಪಾಸ್ ಕಥೆಯನ್ನು ಶರ ಷಟ್ಪದಿಯಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ಚಿಕ್ಕ ಸಾಲು ಎಂಟು ಮಾತ್ರೆ, ಮೂರನೆಯದು ಹದಿನಾಲ್ಕು. ಲಾವಣಿಯ ಕುಣಿತ ಬರುತ್ತಿದೆ. ಪುಟಗಾರರೇ, ಇದನ್ನು ಎಲ್ಸ್‌ಮಿಯರ್‌ನಂತೆ ಗೆರೆಯೆಳೆದು ಬಲಕ್ಕೆ ಸರಿಸಿ ಅಚ್ಚು ಹಾಕಲು ಸಾಧ್ಯವೇ?

ಪುಟಗಾರ

ಮೇಡಂ, ಎರಡು ತೊಡಕು ಕಾಣುತ್ತಿವೆ. ಚಾಸರನ ಬಾಲದ ಸಾಲು ಗಿಡ್ಡ, ಆದ್ದರಿಂದ ಬಲ ಅಂಚಿನಲ್ಲಿ ಹಿಡಿಸಿತು. ನಿಮ್ಮ ಮೂರನೆಯ ಸಾಲು ಉದ್ದ, ಅದನ್ನು ಬಲಕ್ಕೆ ಇಟ್ಟರೆ ಉದುರುವ ಬದಲು ಚಾಚಿಕೊಳ್ಳುತ್ತದೆ. ಎರಡನೆಯದು ಅಗಲ. ಎಲ್ಸ್‌ಮಿಯರ್ ಪುಟ 28 ಸೆಂ.ಮೀ., ನಮ್ಮ ಡೆಮಿ ಅಳತೆಯ ಪುಸ್ತಕ 14 ಸೆಂ.ಮೀ., ಸರಿಯಾಗಿ ಅರ್ಧ. ಎದುರುಬದುರಿನ ಎರಡು ಪುಟಗಳನ್ನು ಒಂದೆಂದು ಬಳಸಿದರೆ ಅಗಲ ಸಿಗುತ್ತದೆ, ಆದರೆ ಕಂಸದ ಗೆರೆಗಳು ಹೊಲಿಗೆಯ ಮಡಿಕೆಯಲ್ಲಿ ಹೂತುಹೋಗುತ್ತವೆ. ಪುಸ್ತಕವನ್ನು ಅಡ್ಡವಾಗಿ, ಓಲೆಗರಿಯ ಕಟ್ಟಿನಂತೆ ಉದ್ದಕ್ಕೆ ಮಾಡಿದರೆ ಎರಡೂ ತೊಡಕು ಒಟ್ಟಿಗೆ ಬಗೆಹರಿಯಬಹುದು ಅನ್ನಿಸುತ್ತಿದೆ. ಮೊದಲ ಮೂರು ಪದ್ಯ ಮತ್ತು ಯಜಮಾನ ತಡೆಯುವ ಕೊನೆಯ ಅರ್ಧ ಪದ್ಯವನ್ನು ಯೂನಿಕೋಡ್‌ನಲ್ಲಿ ಕಳುಹಿಸಿ. ಭಾನುವಾರ ಕೂತು ಎರಡು ಮಾದರಿ ಪುಟ ಕಟ್ಟುತ್ತೇನೆ. ಆ ಅರ್ಧ ಪದ್ಯದ ಕೆಳಗೆ ಎಷ್ಟು ಜಾಗ ಬಿಡಬೇಕೆಂಬುದನ್ನು ಮಾತ್ರ ನೀವೇ ಹೇಳಬೇಕು.